ಬಳೆಗೆ ಸುತ್ತಿದ ಮಫ್ಲರ್

ಕಳೆದ ಜನವರಿಯ ಒಂದು ಮಧ್ಯಾಹ್ನ ಕೆನಡಾದ ಸ್ಕಾರ್‌ಬರೋದ ಚರ್ಚೊಂದರ ಕೊನೆಯ ಬೆಂಚಿನಲ್ಲಿ ಕೂತು ನಾನು ನನ್ನ ಹೆಂಡತಿಯ ಬಳೆಗಳಿಗೆ ಮಫ್ಲರ್ ಸುತ್ತಿದೆ.

ನಗಬೇಡಿ. ಸುತ್ತದಿದ್ದರೆ ನಮ್ಮಿಬ್ಬರನ್ನೂ ಹೊರಗೆ ಕಳಿಸುತ್ತಿದ್ದರು. ಹೊರಗೆ ಎಂಥ ಚಳಿ ಅಂದರೆ, ಮೂಗಿನೊಳಗಿನ ಕೂದಲು ಕೂಡ ನೆಟ್ಟಗೆ ನಿಲ್ಲುವಂಥ ಚಳಿ.

ಬಲಗೈಗೆ ನನ್ನ ಮಫ್ಲರ್, ಎಡಗೈಗೆ ಅವಳದೇ ಶಾಲು. ಎರಡೂ ಕೈಗೆ ಬ್ಯಾಂಡೇಜ್ ಕಟ್ಟಿಸಿಕೊಂಡವಳ ಹಾಗೆ ಅವಳು. ಪಕ್ಕದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿದ ನಾನು. ಪಿಯಾನೋ ನುಡಿಸಲು ಬಂದ ಹಿರಿಯ ಮಹಿಳೆ ನಮ್ಮನ್ನು ಕಂಡು, ದಾರಿಯಲ್ಲಿ ಕಾರು ಜಾರಿ ಆಕ್ಸಿಡೆಂಟ್ ಆಗಿದೆ ಅಂತಲೇ ತಿಳಿದರಂತೆ. ಪಾಪ, ಬಂದು ನೀರು ಬೇಕಾ ಅಂತ ಕೇಳಿದರು.

ಮೊದಲಿಂದ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಹಾಡುವವರು ಇಬ್ಬರು, ಡ್ರೈವರ್ ಒಬ್ಬ. ಡ್ರೈವರ್ ಯಾರು ಅಂತ ಈ ಅಂಕಣ ಓದುವವರಿಗೆ ಬೇರೆ ಹೇಳಬೇಕಾಗಿಲ್ಲ. ಹೆಂಡತಿ ಪದ್ಮ ಮೈಸೂರಿನವಳು. ರಿಚ್ಮಂಡ್ ಹಿಲ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುತ್ತಾಳೆ. ಸುತ್ತಮುತ್ತಲಿನ ಕನ್ನಡದ ಮಕ್ಕಳಲ್ಲಿ ಅರ್ಧ ಜನ ಸರಳೆ ವರಸೆ ಕಲಿತದ್ದು ಮನೆ ಬಿಸಿಮಾಡುವ ಫರ್ನೇಸಿನ ಪಕ್ಕ ಹಾಸಿದ ಜಮಖಾನದ ಮೇಲೆ. ಮಗಳು ಅನಘಾ ಮೆಜೊ-ಸೊಪ್ರಾನೊ.

ಹಾಗಂದರೇನು ಅಂತ ತಾನೆ? ನಾನೂ ಕೇಳಿದ್ದೆ. ಪಾಶ್ಚಾತ್ಯ ಸಂಗೀತದಲ್ಲಿ ಹೆಂಗಸರ ದನಿಗಳಲ್ಲಿ ತೀರಾ ಮೇಲಿನದೂ ಅಲ್ಲದ, ತೀರಾ ಕೆಳಗಿನದೂ ಅಲ್ಲದ ನಡುವಿನ ದನಿ. ಒಪೇರಾದಲ್ಲಿ ನಾಯಕಿಯ ಪಾರ್ಟು ಸಾಮಾನ್ಯವಾಗಿ ಮೇಲಿನ ದನಿಯವಳಿಗೆ ಹೋಗುತ್ತದೆ. ನಮ್ಮ ಹುಡುಗಿಗೆ ಸಿಗುವುದು ಸಖಿ, ಸಾಕುತಾಯಿ, ಮಾಟಗಾತಿ. ಅದೃಷ್ಟ ಚೆನ್ನಾಗಿದ್ದರೆ ಗಂಡುಹುಡುಗನ ವೇಷ.

"ಅಷ್ಟೆಲ್ಲಾ ಕಲಿತು ಮಾಟಗಾತಿ ಪಾರ್ಟಾ?" ಅಂದಿದ್ದಳು ಪದ್ಮ. ಅನಘಾಳ ಸಂಗೀತದ ಬಗ್ಗೆ ತಾಯಿ ಮಗಳ ನಡುವೆ ಆದ ಕೊನೆಯ ಚರ್ಚೆ ಅದು.

ಯಾಕೆಂದರೆ ಅನಘಾ ಕೂಡ ಆ ಜಮಖಾನದ ಮೇಲೆಯೇ ಬೆಳೆದವಳು. ಸ್ಕೂಲಿಂದ ಬಂದವಳು ಬೂಟ್ಸ್ ಬಿಚ್ಚಿ ನೇರ ಬೇಸ್‌ಮೆಂಟಿಗೆ ಇಳಿಯುತ್ತಿದ್ದಳು. ವರ್ಣ ಆಯಿತು, ಕೃತಿಗಳಾದವು, ಮೊದಲ ಕಚೇರಿಗೆ ಪದ್ಮ ಸೀರೆ ಕೂಡ ಆರಿಸಿಟ್ಟಿದ್ದಳು. ಆಗ ಹುಡುಗಿ ಊಟದ ಮೇಜಿನಲ್ಲಿ ಬಾಯಿಬಿಟ್ಟಳು. "ಅಮ್ಮಾ, ಐ ವಾಂಟ್ ಟು ಸ್ಟಡಿ ವಾಯ್ಸ್. ವೆಸ್ಟರ್ನ್." ಪದ್ಮ ಬೈಯಲಿಲ್ಲ, ಅಳಲಿಲ್ಲ. ಅನ್ನಕ್ಕೆ ಮೊಸರು ಕಲಸಿಕೊಂಡಳು. (ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.)

ಅಲ್ಲಿಂದ ಮುಂದೆ ತಾಯಿ ಮಗಳು ಎಲ್ಲ ಮಾತಾಡುತ್ತಾರೆ. ಹುಳಿಗೆ ಎಷ್ಟು ಬೆಲ್ಲ, ಯಾವ ಅಂಗಡಿಯಲ್ಲಿ ವಿಂಟರ್ ಬೂಟ್ಸು ಒಳ್ಳೆಯದು, ಒಶಾವಾದಲ್ಲಿ ಬಾಡಿಗೆ ಮನೆ ಹಿಡಿದಿರುವ ಮಗಳು ಬೆಳಗ್ಗೆ ಏನು ತಿನ್ನುತ್ತಾಳೆ, ಎಲ್ಲಾ. ಸಂಗೀತ ಒಂದು ಬಿಟ್ಟು. ಮಗಳ ಕಾರ್ಯಕ್ರಮ ಇದ್ದ ದಿನವೇ ತಾಯಿಗೆ ಕ್ಲಾಸ್ ಇರುತ್ತದೆ. "ನೀವು ಹೋಗ್ಬನ್ರೀ." ನಾನೊಬ್ಬನೇ ನಿಯೋಗ ಹೋಗಿ, ಕೂತು, ಚಪ್ಪಾಳೆ ತಟ್ಟಿ ಬರುತ್ತೇನೆ.

"ಹೇಗಿತ್ತು?"

"ಚೆನ್ನಾಗಿತ್ತು."

"ನಿಮಗೇನು ಗೊತ್ತು?"

ಅದೂ ಸರಿಯೇ. ನನಗೆ ಏನೂ ಗೊತ್ತಿಲ್ಲ.

ಒಂದೇ ಒಂದು ಸಲ, ಮಗಳು ಹಾಡಿದ ಒಂದು ತುಣುಕನ್ನು ನಾನು ಅಡುಗೆಮನೆಯಲ್ಲಿ ಫೋನಿನಲ್ಲಿ ಹಾಕಿದ್ದೆ. ಪದ್ಮ ಒಗ್ಗರಣೆ ಸೌಟು ಹಿಡಿದು ಅರ್ಧ ನಿಮಿಷ ಕೇಳಿದಳು. "ಸ್ವರ ಯಾಕೆ ಹಾಗೆ ನಡುಗುತ್ತೆ? ಚಳಿ ಹತ್ತಿದೆಯಾ?" ಅಂದು ಒಲೆಯ ಕಡೆ ತಿರುಗಿದಳು. ನಾನು ಫೋನ್ ಜೇಬಿಗೆ ಹಾಕಿಕೊಂಡೆ.

ಇರಲಿ, ಪದ್ಮಳ ಪಾಠದ ಬಗ್ಗೆ ಒಂದು ಮಾತು ಹೇಳಬೇಕು. ಅವಳಿಂದ ಶಿಷ್ಯರು ಕೇಳುವುದು ಒಂದೇ ಶಬ್ದ. "ಇನ್ನೊಂದ್ಸಲ." ತಪ್ಪಾಗಿ ಹಾಡಿದರೂ ಇನ್ನೊಂದ್ಸಲ, ಸರಿಯಾಗಿ ಹಾಡಿದರೂ ಇನ್ನೊಂದ್ಸಲ. ಮಗಳಿಗಂತೂ ಎಲ್ಲರಿಗಿಂತ ಎರಡು ಪಾಲು ಹೆಚ್ಚು. ಆದರೆ ದೇವಸ್ಥಾನದಲ್ಲೋ ಇನ್ನೆಲ್ಲೋ ಬೇರೆಯವರ ಕಚೇರಿಗೆ ಹೋದಾಗ ಅವಳಷ್ಟು ಧಾರಾಳಿ ಯಾರೂ ಇಲ್ಲ. ಹಾಡಿನ ಸಾಲಿಗೆ ಒಂದು ಒಳ್ಳೆಯ ತಿರುವು, ಸಂಗತಿ ಅನ್ನುತ್ತಾರಲ್ಲ ಅದು, ಬಿದ್ದರೆ ಸಾಕು, ನಾಲಿಗೆಯಿಂದ 'ತ್ಚು' ಅಂತ ಒಂದು ಸದ್ದು, ಅದರ ಬೆನ್ನಿಗೇ ಉದ್ದಕ್ಕೆ ಒಂದು 'ಆಹಾ'. ಅವಳು ಅದನ್ನು ಅನ್ನುವುದಲ್ಲ, ಅದು ಬರುತ್ತದೆ. ಸೀನು ಬಂದ ಹಾಗೆ.

ಮಗಳಿಗೆ ಮಾತ್ರ ಒಂದು ದಿನವೂ ಬಂದಿರಲಿಲ್ಲ. ಬಂದರೂ ಬಾಯಿ ಬಿಗಿಹಿಡಿಯುತ್ತಿದ್ದಳು ಅಂತ ನನ್ನ ಅನುಮಾನ. ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ನಾವು ಪಕ್ಕದ ಮನೆ ಮಕ್ಕಳನ್ನು ಹೊಗಳುತ್ತೇವೆ. ನಮ್ಮ ಮಕ್ಕಳನ್ನು ಹೊಗಳಿದರೆ ನಮ್ಮ ದೃಷ್ಟಿಯೇ ತಾಗುತ್ತದೆ ಅಂತ ಹೆದರುತ್ತೇವೆ. ಫಸ್ಟ್ ಕ್ಲಾಸ್ ಬಂದಾಗ ನಮ್ಮಪ್ಪ ನನಗೆ ಹೇಳಿದ್ದು "ಹೂಂ, ಹೋಗಿ ಹಾಲು ತಗೊಂಡ್ಬಾ" ಅಂತ. ಈ ದೇಶದಲ್ಲಿ ಮಗು ತನ್ನ ಶೂ ತಾನೇ ಹಾಕಿಕೊಂಡರೆ 'ಗುಡ್ ಜಾಬ್'. ಬ್ರಾಕೊಲಿ ತಿಂದರೆ 'ಗುಡ್ ಜಾಬ್'. ಸ್ಕೂಲಿನಲ್ಲಿ ಇಡೀ ದಿನ ಗುಡ್ ಜಾಬ್ ಅನ್ನಿಸಿಕೊಂಡು ಬಂದ ಹುಡುಗಿ ಸಂಜೆ ಬೇಸ್‌ಮೆಂಟಿನಲ್ಲಿ ಕೂತು ಇನ್ನೊಂದ್ಸಲ, ಇನ್ನೊಂದ್ಸಲ ಅನ್ನಿಸಿಕೊಳ್ಳಬೇಕು. ಅವಳಿಗೆ ಹೇಗಿದ್ದಿರಬಹುದು ಅಂತ ನಾವಿಬ್ಬರೂ ಆಗ ಯೋಚಿಸಲಿಲ್ಲ.

ಈಗ ಚರ್ಚಿಗೆ ಬರೋಣ.

ಅನಘಾಳ ಮೊದಲ ರೆಕಾರ್ಡಿಂಗ್. ಅವಳ ದನಿ, ಒಂದು ಪಿಯಾನೋ, ಅಷ್ಟೇ. ಆರಿಸಿಕೊಂಡದ್ದು ಒಬ್ಬ ಒಪೇರಾ ಸಂಯೋಜಕನ ಹಾಡುಗಳು. (ಹೆಸರು ಬರೆಯೋಣವೆಂದರೆ ನನಗೆ ಅದನ್ನು ಉಚ್ಚರಿಸಲೇ ಬರುವುದಿಲ್ಲ. ಮಗಳು ಎರಡು ಸಲ ಹೇಳಿಕೊಟ್ಟು ಕೈಬಿಟ್ಟಳು.) ದೊಡ್ಡ ದೊಡ್ಡ ಒಪೇರಾ ಬರೆದ ಮಹಾಶಯ. ರಾಜ, ರಾಣಿ, ವಿಷ, ಕತ್ತಿ. ಅವುಗಳಲ್ಲಿ ಚೂರಿ ತಿಂದವನು ಕೂಡ ಕಾಲು ಗಂಟೆ ಹಾಡಿಯೇ ಸಾಯುತ್ತಾನೆ. ಅದೇ ಮನುಷ್ಯ ನಡುನಡುವೆ ಪುಟ್ಟ ಪುಟ್ಟ ಹಾಡುಗಳನ್ನೂ ಬರೆದಿದ್ದನಂತೆ. ಸ್ನೇಹಿತರ ಮನೆಯಲ್ಲಿ ಸಂಜೆ ಹೊತ್ತು ಹಾಡಲಿಕ್ಕೆ ಅಂತ. ಅವನ್ನು ಯಾರೂ ಹೆಚ್ಚಾಗಿ ಹಾಡುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಿಲ್ಲ.

ಫೋನಿನಲ್ಲಿ ಮಗಳು ಇದನ್ನೆಲ್ಲ ನನಗೆ ಹೇಳುವಾಗ ಸ್ಪೀಕರ್ ಆನ್ ಆಗಿತ್ತು. ಬೀನ್ಸ್ ಹೆಚ್ಚುತ್ತಿದ್ದ ಪದ್ಮ ಯಾರನ್ನೂ ನೋಡದೆ ಅಂದಳು: "ಅಂದ್ರೆ ನಮ್ಮ ಹಸೆ ಹಾಡು, ಆರತಿ ಹಾಡಿನ ಥರ. ಮನೇಲಿ ಹಾಡ್ಕೊಳ್ಳೋದು."

ಆ ಕಡೆಯಿಂದ ಮಗಳ ದನಿ ಬಂತು. "ಯಾ. ಎಕ್ಸಾಕ್ಟ್ಲಿ ಲೈಕ್ ದಟ್, ಅಮ್ಮಾ."

ಅಷ್ಟೇ. ಬೀನ್ಸ್ ಮುಗಿಯಿತು, ಫೋನೂ ಮುಗಿಯಿತು.

ರೆಕಾರ್ಡಿಂಗ್ ಮೂರು ದಿನ. ಎರಡು ದಿನ ಮುಗಿಯುವಷ್ಟರಲ್ಲಿ ಅನಘಾಳ ಗಂಟಲು ಕೆರೆಯಲು ಶುರುವಾಯಿತು. ಕೊನೆಯ ದಿನ ಬೆಳಗ್ಗೆ ಫೋನ್. "ಅಪ್ಪಾ, ಅಮ್ಮನ ಕಷಾಯ ಸಿಗುತ್ತಾ?" ಶುಂಠಿ, ಮೆಣಸು, ಅತಿಮಧುರ ಹಾಕಿ ಪದ್ಮ ಮಾಡುವ ಕಷಾಯ. ಅದು ಸಂಗೀತದ ಲೆಕ್ಕಕ್ಕೆ ಬರುವುದಿಲ್ಲ, ಅಡುಗೆಯ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ತಕ್ಷಣ ತಯಾರಾಯಿತು. ಆದರೆ ತೆಗೆದುಕೊಂಡು ಹೋಗಬೇಕಾದ ಡ್ರೈವರ್‌ಗೆ ಎರಡು ದಿನದ ಹಿಂದಷ್ಟೇ ಕಣ್ಣಿನ ಆಪರೇಷನ್. ಸ್ಟೀರಿಂಗ್ ಮುಟ್ಟಬಾರದು ಅಂತ ಡಾಕ್ಟರ ಆಜ್ಞೆ.

"ನಾನು ಡ್ರೈವ್ ಮಾಡ್ತೀನಿ," ಅಂದಳು ಪದ್ಮ. "ಆದ್ರೆ ಒಳಗೆ ಬರಲ್ಲ. ಕಾರಲ್ಲಿ ಕೂತಿರ್ತೀನಿ."

ಕೂತಳು. ಹತ್ತು ನಿಮಿಷ ಕೂತಿರಬಹುದು. ಕೆನಡಾದ ಜನವರಿ ಯಾರ ಹಠಕ್ಕೂ ಬಗ್ಗುವುದಿಲ್ಲ. ನಾನು ಫ್ಲಾಸ್ಕ್ ಕೊಟ್ಟು ಕೊನೆಯ ಬೆಂಚಿನಲ್ಲಿ ಕೂರುವಷ್ಟರಲ್ಲಿ ಬಾಗಿಲು ಸರಿಯಿತು. "ವಾಶ್‌ರೂಮ್ ಎಲ್ಲಿದೆ?" ಅಂತ ಕೇಳಿದಳು. ಹೋಗಿ ಬಂದವಳು ವಾಪಸ್ ಕಾರಿಗೆ ಹೋಗಲಿಲ್ಲ. ನನ್ನ ಪಕ್ಕ ಕೂತಳು. ನಾನು ಅವಳ ಕಡೆ ತಿರುಗಲೂ ಇಲ್ಲ. ತಿರುಗಿದರೆ ಎದ್ದು ಹೋಗುತ್ತಾಳೆ ಅಂತ ನನಗೆ ಗೊತ್ತಿತ್ತು.

ಒಳಗೂ ಚಳಿಯೇ. ಹೀಟಿಂಗ್ ಸದ್ದು ಮೈಕಿಗೆ ಸಿಗುತ್ತದೆ ಅಂತ ಅದನ್ನು ಆಫ್ ಮಾಡಿದ್ದರು. ಹೊರಗೆ ಹಿಮ ತೆಗೆಯುವ ಗಾಡಿ ಕೀಂಕೀಂ ಅಂದರೆ ನಿಲ್ಲಿಸಬೇಕು. ಬಸ್ಸು ಹೋದರೆ ನಿಲ್ಲಿಸಬೇಕು. ಸೌಂಡ್ ಎಂಜಿನಿಯರ್ ಮಾರ್ಕ್ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ. ಅವನ ನಿಯಮ ಒಂದೇ: ಹಾಡು ಮುಗಿದ ಮೇಲೂ ಅವನು ಕೈ ಎತ್ತುವವರೆಗೆ ಯಾರೂ ಅಲುಗಾಡಬಾರದು. ಕೊನೆಯ ಸ್ವರ ಆ ಎತ್ತರದ ಚಾವಣಿಯಲ್ಲಿ ಸುತ್ತಿ ಸುತ್ತಿ ತಾನಾಗಿ ಕರಗಬೇಕು. ಆ ಕರಗುವುದೂ ರೆಕಾರ್ಡ್ ಆಗಬೇಕು.

ಪದ್ಮ ಕೂತ ಎರಡನೇ ನಿಮಿಷಕ್ಕೆ ಮಾರ್ಕ್ ಹುಬ್ಬು ಗಂಟಿಕ್ಕಿದ. ಏನೋ ಟಿಣ್ ಟಿಣ್ ಅನ್ನುತ್ತಿದೆಯಲ್ಲ? ಸುತ್ತ ನೋಡಿದ. ಪಿಯಾನೋದವರು ಬರುವವರೆಗೆ ಅನಘಾ ಒಬ್ಬಳೇ ಹಾಡಿಕೊಳ್ಳುತ್ತಿದ್ದಳು, ಪದ್ಮಳ ಕೈ ಅವಳಿಗೇ ಗೊತ್ತಿಲ್ಲದೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಬಳೆಗಳ ಸದ್ದು.

"ಮ್ಯಾಮ್, ಆ ಬ್ರೇಸ್‌ಲೆಟ್ಸ್ ತೆಗೀತೀರಾ, ಪ್ಲೀಸ್?" ಅಂತ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದಲೇ ಕೇಳಿದ.

ಪದ್ಮ ಬಾಯಿ ತೆರೆಯುವ ಮೊದಲೇ ಪಿಯಾನೋ ಪಕ್ಕ ನಿಂತಿದ್ದ ಅನಘಾ ಉತ್ತರ ಕೊಟ್ಟಳು. "ಶೀ ವೋಂಟ್. ಅಪ್ಪಾ, ನಿನ್ನ ಮಫ್ಲರ್!" ಆಮೇಲೆ ಮಾರ್ಕ್ ಕಡೆ ತಿರುಗಿ ಇಂಗ್ಲಿಷಿನಲ್ಲೇ ಅಂದಳು, ತಾನು ತಾಳ ಕಲಿತಿದ್ದೇ ಆ ಬಳೆ ಕೇಳಿಕೊಂಡು ಅಂತ.

ಅದು ಪದ್ಮಳಿಗೂ ಕೇಳಿಸಿತು. ಎರಡೂ ಕೈ ನನ್ನ ಮುಂದೆ ಚಾಚಿದಳು. ನಾನು ಸುತ್ತಿದೆ.

ಇನ್ನು ಉಳಿದಿದ್ದು ಒಂದೇ ಹಾಡು. ಮಗಳು ಅದರ ಅರ್ಥ ನನಗೆ ಮೊದಲೇ ಹೇಳಿದ್ದಳು. ಸಂಜೆ ಒಬ್ಬಳು ಮನೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬರುತ್ತಾಳೆ. ಕೊನೆಯ ಕಿಟಕಿ ಮುಚ್ಚುವುದಿಲ್ಲ. ಯಾಕೆ ಅಂತ ಹಾಡಿನಲ್ಲಿ ಇಲ್ಲ.

"ಹೀಟಿಂಗ್ ಬಿಲ್ ಬರಲ್ವಾ?" ಅಂತ ನಾನು ಕೇಳಿದ್ದೆ.

"ಅಪ್ಪಾ, ಪ್ಲೀಸ್."

ಅದೇ ಹಾಡು. ಮೂರು ಸಲ ಹಾಡಿದಳು. ಒಂದು ಸಲ ಬಸ್ಸು, ಒಂದು ಸಲ ಕೆಮ್ಮು, ಒಂದು ಸಲ ಅವಳಿಗೇ ಸಮಾಧಾನವಾಗಲಿಲ್ಲ. ಪ್ರತಿ ಸಲವೂ ಮಾರ್ಕ್ "ಒನ್ ಮೋರ್" ಅನ್ನುತ್ತಿದ್ದ. ಐದು ಗಂಟೆಗೆ ಚರ್ಚ್ ಖಾಲಿ ಮಾಡಿಕೊಡಬೇಕು. ಅನಘಾ ಫ್ಲಾಸ್ಕಿನ ಮುಚ್ಚಳದಲ್ಲಿ ಕಷಾಯ ಬಗ್ಗಿಸಿಕೊಂಡು ಕುಡಿದಳು, ಕಣ್ಣು ಮುಚ್ಚಿ ನಿಂತಳು. ಮತ್ತೆ ಶುರು ಮಾಡಿದಳು.

ನನಗೆ ಸಂಗೀತ ಗೊತ್ತಿಲ್ಲ ಅಂತ ಹೇಳಿದೆನಲ್ಲ. ಪಕ್ಕದಲ್ಲಿರುವ ಹೆಂಡತಿ ಮಾತ್ರ ಗೊತ್ತು. ಮಫ್ಲರ್ ಸುತ್ತಿದ ಕೈ ಮೊದಲ ಸಾಲಿಗೆ ತಾಳ ಹಾಕುತ್ತಿತ್ತು. ಹಾಡು ಒಂದು ಕಡೆ ಹಿಗ್ಗಿತು, ಇನ್ನೊಂದು ಕಡೆ ಕಾದು ನಿಂತಿತು, ತಾಳಕ್ಕೆ ಸಿಗಲಿಲ್ಲ. ಕೈ ತಡವರಿಸಿತು. ಮತ್ತೆ ಹಿಡಿಯಲು ನೋಡಿತು. ಆಮೇಲೆ ಸುಮ್ಮನೆ ಮಡಿಲಲ್ಲಿ ಮಲಗಿತು. ಪದ್ಮ ತಾಳ ಬಿಟ್ಟು ಹಾಡು ಕೇಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮುಂದಿನ ಬೆಂಚನ್ನು ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿದಳು.

ಕೊನೆಯ ಸಾಲು ತೀರಾ ಮೆಲ್ಲಗೆ ಬಂತು. ಪಿಯಾನೋ ಒಂದೆರಡು ಸ್ವರ ನುಡಿಸಿ ನಿಂತಿತು. ಆ ದನಿ ಚಾವಣಿಗೆ ಏರಿ ಅಲ್ಲೇ ಸುತ್ತುತ್ತಿತ್ತು. ಮಾರ್ಕ್‌ನ ಕೈ ಇನ್ನೂ ಎದ್ದಿರಲಿಲ್ಲ.

"ತ್ಚು... ಆಹಾ."

ಚರ್ಚು ಅದನ್ನೂ ಬಿಡಲಿಲ್ಲ. ಚಾವಣಿಗೆ ಕಳಿಸಿ, ಸುತ್ತಿಸಿ, ನಿಧಾನವಾಗಿ ಕೆಳಗಿಳಿಸಿತು.

ಮಾರ್ಕ್ ಹೆಡ್‌ಫೋನ್ ಕಿತ್ತ. "ವಾಟ್ ವಾಸ್ ದಟ್?"

ಪದ್ಮ ಮಫ್ಲರ್ ಸುತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅನಘಾ ನಮ್ಮ ಕಡೆ ತಿರುಗಲಿಲ್ಲ. ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ? ಕಣ್ಣಿಗೆ ಔಷಧ ಬಿಟ್ಟುಕೊಂಡು ಕಪ್ಪು ಕನ್ನಡಕ ಹಾಕಿದವನಿಗೆ ಅಷ್ಟು ದೂರದಿಂದ ಏನು ಕಾಣಬೇಕು? ಪದ್ಮ ಎದ್ದು, "ಸಾರಿ, ಸಾರಿ" ಅನ್ನುತ್ತಾ ಹೊರಗೆ ಹೋಗಿಬಿಟ್ಟಳು. ನಾನು ಅವಳ ಕೋಟು ಎತ್ತಿಕೊಂಡು ಹಿಂದೆ ಓಡಿದೆ.

ಸ್ವಲ್ಪ ಹೊತ್ತಿನ ಮೇಲೆ ಅನಘಾ ಕಾರಿನ ಹತ್ತಿರ ಬಂದು ಕಿಟಕಿಯಲ್ಲಿ ಖಾಲಿ ಫ್ಲಾಸ್ಕ್ ಕೊಟ್ಟಳು. ಕಣ್ಣು ಕೆಂಪಗಿತ್ತು. "ನಿಧಾನಕ್ಕೆ ಹೋಗಿ, ರೋಡಲ್ಲಿ ಐಸ್ ಇದೆ," ಅಂದಳು. ಅಷ್ಟು ಹೇಳಿ ಒಳಗೆ ಹೋದಳು. ಪದ್ಮ ಕಾರು ಸ್ಟಾರ್ಟ್ ಮಾಡಿದಳು.

ದಾರಿಯಲ್ಲಿ ಪದ್ಮ ತೀರಾ ನಿಧಾನವಾಗಿ ಕಾರು ಓಡಿಸುತ್ತಿದ್ದಳು. ಮಫ್ಲರ್ ಬಿಚ್ಚುವುದೇ ಮರೆತಿದ್ದಳು.

"ಹಾಳ್ಮಾಡ್ಬಿಟ್ಟೆ ಅಲ್ವಾ?"

"ಬಿಡೇ. ಎಡಿಟ್ ಮಾಡ್ತಾರೆ. ಈಗೆಲ್ಲಾ ಏನು ಬೇಕಾದ್ರೂ ತೆಗೀಬಹುದು."

ಎರಡು ಸಿಗ್ನಲ್ ದಾಟಿದ ಮೇಲೆ ಮುಂದಿನ ಗಾಜಿಗೆ ಹೇಳಿದಳು. "ಚೆನ್ನಾಗಿ ಹಾಡಿದ್ಳು."

"ಅವಳಿಗೆ ಹೇಳು."

"ಯಾವ ಮುಖ ಇಟ್ಕೊಂಡು ಹೇಳ್ಲಿ? ಅವಳ ಹಾಡು ಕೆಡಿಸಿ, ಆಮೇಲೆ ಚೆನ್ನಾಗಿತ್ತು ಅಂತ ಹೇಳೋದಾ?"

ಅಷ್ಟು ವರ್ಷ ಕಾದು ಕೊನೆಗೂ ಬಾಯಿಂದ ಬಂದ ಒಂದು ಮಾತು, ಬರಬಾರದ ಹೊತ್ತಿನಲ್ಲೇ ಬರಬೇಕೆ? ಮನೆ ಮುಟ್ಟಿದ ಮೇಲೆ ಪದ್ಮ ಬಳೆಗಳನ್ನು ಮೊಣಕೈವರೆಗೆ ಒತ್ತಿ ಏರಿಸಿಕೊಂಡು ಪಾತ್ರೆ ತೊಳೆದಳು. ಆ ಚಳಿಗಾಲವೆಲ್ಲ ಅವಳು ಹಾಗೇ ಏರಿಸಿಕೊಂಡೇ ಇದ್ದಳು. ಕ್ಲಾಸಿನಲ್ಲಿ ತಾಳ ಹಾಕುವಾಗಲೂ ಸದ್ದಿಲ್ಲ. ಫೋನಿನಲ್ಲಿ ತಾಯಿ ಮಗಳು ಮತ್ತೆ ಹುಳಿ, ಬೆಲ್ಲ, ಬೂಟ್ಸು.

ಹಿಮ ಕರಗಿತು. ಮೊನ್ನೆ ಭಾನುವಾರ ಅನಘಾ ಬಂದಳು. ಕೈಯಲ್ಲಿ ಸಿಡಿ. "ಫೋನಲ್ಲೂ ಬರುತ್ತೆ ಅಪ್ಪಾ, ಬಟ್ ಐ ವಾಂಟೆಡ್ ಟು ಬ್ರಿಂಗ್ ಸಂಥಿಂಗ್," ಅಂದಳು. ಈಗ ಸಿಡಿ ಹಾಕುವ ಯಂತ್ರ ಯಾರ ಮನೆಯಲ್ಲಿದೆ? ನಮ್ಮ ಮನೆಯಲ್ಲಿದೆ, ಬೇಸ್‌ಮೆಂಟಿನಲ್ಲಿ, ಶ್ರುತಿಪೆಟ್ಟಿಗೆ ಪಕ್ಕ.

ಮೂವರೂ ಕೆಳಗೆ ಇಳಿದೆವು. ಅನಘಾ ಜಮಖಾನದ ಮೇಲೆ ತನ್ನ ಹಳೇ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಪದ್ಮ ಮೆಟ್ಟಿಲ ಹತ್ತಿರವೇ ನಿಂತಿದ್ದಳು.

"ಒಲೆ ಮೇಲೆ ಹುಳಿ ಇದೆ, ನಾನು..."

"ಆಫ್ ಮಾಡಿ ಬಂದಿದೀನಿ ಅಮ್ಮಾ. ಕೂತ್ಕೋ. ಕೊನೇದೊಂದೇ."

ಕಿಟಕಿ ಮುಚ್ಚುವವಳ ಹಾಡು ಶುರುವಾಯಿತು. ಬಸ್ಸಿಲ್ಲ, ಕೆಮ್ಮಿಲ್ಲ. ಪದ್ಮ ತಲೆ ತಗ್ಗಿಸಿ ಜಮಖಾನದ ಅಂಚಿನ ದಾರ ಎಳೆಯುತ್ತಿದ್ದಳು. ಹಾಡು ಮುಗಿಯಿತು. ಪಿಯಾನೋ ನಿಂತಿತು. ಆ ಎತ್ತರದ ಚಾವಣಿ ನಮ್ಮ ಬೇಸ್‌ಮೆಂಟಿನೊಳಗೇ ಬಂದ ಹಾಗಾಯಿತು. ಸದ್ಯ, ತೆಗೆದಿದ್ದಾರೆ ಅಂತ ನಾನು ಉಸಿರು ಬಿಡುವಷ್ಟರಲ್ಲಿ,

"ತ್ಚು... ಆಹಾ."

ಪದ್ಮ ಬೆಚ್ಚಿಬಿದ್ದಳು. ತಿರುಗಿದ್ದು ನನ್ನ ಕಡೆ. "ಎಡಿಟ್ ಮಾಡ್ತಾರೆ ಅಂದ್ರಲ್ಲ ನೀವು!" (ನಮ್ಮ ಮನೆಯಲ್ಲಿ ಎಲ್ಲ ತಪ್ಪೂ ಕೊನೆಗೆ ಡ್ರೈವರ್‌ನದೇ.)

"ಮಾರ್ಕ್ ತೆಗೀತೀನಿ ಅಂದ. ನಾನೇ ಬೇಡ ಅಂದೆ."

"ಯಾಕೇ? ಜನ ಕೇಳಿದ್ರೆ ಏನಂತಾರೆ? ಅಷ್ಟು ಚೆನ್ನಾಗಿ ಹಾಡಿದೀಯ, ಕೊನೇಲಿ ನನ್ನದೊಂದು ಅಪಶ್ರುತಿ!"

ಅಷ್ಟು ಚೆನ್ನಾಗಿ ಹಾಡಿದೀಯ. ತಾನು ಅಂದದ್ದು ಪದ್ಮಳಿಗೆ ಗೊತ್ತಾಗಲಿಲ್ಲ. ಮಗಳಿಗೆ ಗೊತ್ತಾಯಿತು.

"ಅಪಶ್ರುತಿ ಅಲ್ಲಮ್ಮ. ಐ ಚೆಕ್ಡ್. ಪಿಯಾನೋದಲ್ಲಿ ನೋಡಿದೆ. ನಿನ್ನ ಆಹಾ ಶ್ರುತೀಲೇ ಇದೆ." ನಗಲು ನೋಡಿದಳು, ಆಗಲಿಲ್ಲ. "ಅಮ್ಮಾ, ನಾನು ಇದೇ ಜಾಗದಲ್ಲಿ ಎಷ್ಟು ವರ್ಷ ಕೂತಿದ್ದೆ. ಒಂದ್ಸಲಾನೂ ನೀನು ಅದನ್ನ ಹೇಳ್ಲಿಲ್ಲ. ಈಗ ಸಿಕ್ಕಿದೆ. ಎಡಿಟ್ ಮಾಡಿ ಬಿಸಾಕ್ಲಾ?"

ಮೇಲೆ ಫ್ರಿಜ್ ಗುಂಯ್ ಅನ್ನುತ್ತಿತ್ತು. ಪದ್ಮ ಹೋಗಿ ಮಗಳ ಪಕ್ಕ ಕೂತಳು, ಎದುರಿಗಲ್ಲ. ಮೊಣಕೈ ಹತ್ತಿರ ಸಿಕ್ಕಿಸಿಕೊಂಡಿದ್ದ ಬಳೆಗಳನ್ನು ಮಣಿಕಟ್ಟಿಗೆ ಇಳಿಸಿದಳು. ಮಗಳ ತಲೆಗೂದಲು ಸರಿಮಾಡಿದಳು, ಅದು ಕೆದರಿರಲೇ ಇಲ್ಲ.

"ಇನ್ನೊಂದ್ಸಲ," ಅಂದಳು. "ಇನ್ನೊಂದ್ಸಲ ಹಾಕು."

ಈ ಮನೆಯಲ್ಲಿ ಆ ಮಾತು ಕೇಳಿ ಮಗಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.